ಹೊಗೆ ಕುಡಿದ ಗಾಲಿ

ಒಡೆದ ಟೈರಿನೊಳಗೆ ಕೈ ಹಾಕಿದ ಸಬ್ ಇನ್ಸ್‌ಪೆಕ್ಟರ್ ವೆಂಕಟಯ್ಯ ಹಾವು ಮುಟ್ಟಿದವನಂತೆ ಕೈಯನ್ನು ಹಿಂದಕ್ಕೆಳೆದುಕೊಂಡ.

ಬೆರಳಿಗೆಲ್ಲ ಮಸಿ. ಒಲೆಯ ಮೇಲಿನ ತೊಲೆಗೆ ವರ್ಷಗಟ್ಟಲೆ ಕೂತು ಅಂಟಂಟಾಗುವ ಇಲ್ಲಣದ ಮಸಿ. ಅದರೊಳಗೆ ಸಿಕ್ಕಿಕೊಂಡ ಒಂದೆರಡು ಎಳೆ ತೆಂಗಿನ ನಾರು.

ಕಾರಿನ ಟೈರಿನೊಳಗೆ ಅಡುಗೆಮನೆಯ ಮಸಿ ಎಲ್ಲಿಂದ ಬಂತು?

ಠಾಣೆಯ ಹಿತ್ತಲಲ್ಲಿ ಬಿಸಿಲು ಸುಡುತ್ತಿತ್ತು. ಎದುರಿಗೆ ಪಂಚಾಕ್ಷರಿಯ ಫಿಯೆಟ್ ಕಾರು ಮೂತಿ ಜಜ್ಜಿಹೋಗಿ ಗೋಡೆಗೆ ಒರಗಿ ನಿಂತಿತ್ತು. ಮೊನ್ನೆ ಬೆಳಿಗ್ಗೆ ಶೆಟ್ಟಿಕೆರೆ ಕಡೆಯ ಒಣಗಿದ ಕೆರೆಯಂಗಳದಲ್ಲಿ ರೇಸಿನ ಅಭ್ಯಾಸ ಮಾಡುವಾಗ ಇದರ ಮುಂದಿನ ಎಡಗಾಲಿ ಒಡೆಯಿತು. ಕಾರು ಏರಿಯ ಕಲ್ಲಿಗೆ ಬಡಿಯಿತು. ಇನ್ನೂ ಮದುವೆಯಾಗದ ಹುಡುಗ ಪಂಚಾಕ್ಷರಿ ಸ್ಟೇರಿಂಗಿನ ಮೇಲೆಯೇ ಪ್ರಾಣ ಬಿಟ್ಟ.

ಗಾಲಿಗಳನ್ನು ಕೂರಿಸಿಕೊಟ್ಟವನು ಮೆಕ್ಯಾನಿಕ್ ಚಿಕ್ಕಣ್ಣ. ಹಳೇ ಟೈರಿಗೆ ಬಣ್ಣ ಬಳಿದು ಹೊಸದೆಂದು ಹಾಕಿ ಹುಡುಗನನ್ನು ಕೊಂದ ಎಂದು ಊರು ಬೊಬ್ಬೆ ಹೊಡೆಯಿತು, ಸಿಕ್ಕವರೆಲ್ಲ ಅವನಿಗೆ ನಾಲ್ಕು ಬಿಗಿದರು. ಈಗ ಅವನು ಲಾಕಪ್ಪಿನಲ್ಲಿದ್ದಾನೆ. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಕೊಟ್ಟು ಜೈಲಿಗೆ ಅಟ್ಟಿಬಿಡಬೇಕೆಂದು ಸರ್ಕಲ್ ಸಾಹೇಬರ ಆಜ್ಞೆ.

ಆಜ್ಞೆ ಎಂದರೆ ವೆಂಕಟಯ್ಯನಿಗೆ ಮೊದಲೇ ಮೈ ಉರಿಯುತ್ತದೆ. ತಪ್ಪು ರುಜುವಾಗದವನನ್ನು ಜೈಲಿಗೆ ಕಳಿಸು ಅಂದರೆ ಇನ್ನೂ ಉರಿಯುತ್ತದೆ. ಅದಕ್ಕೇ ಬೆಳಿಗ್ಗೆಯಿಂದ ಉಗುರು ಕಿತ್ತುಹೋಗುವಂತೆ ಹೆಣಗಿ ಆ ಗಾಲಿಯಿಂದ ಟೈರನ್ನು ಬಿಡಿಸಿದ್ದ.

ಹಳೇ ಟೈರಾಗಿದ್ದರೆ ಹಲ್ಲು ಸವೆದಿರಬೇಕಿತ್ತು. ಸವೆದಿಲ್ಲ. ಅಚ್ಚಿನಿಂದ ಬರುವಾಗ ಅಂಟಿಕೊಂಡಿರುವ ರಬ್ಬರಿನ ಸಣ್ಣ ಕೂದಲು ಕೂಡ ಅಲ್ಲಲ್ಲಿ ಹಾಗೇ ಇದ್ದವು. ಆದರೆ ಪಕ್ಕೆಯನ್ನು ಸ್ವಲ್ಪ ಬಗ್ಗಿಸಿದರೆ ಬೇಸಿಗೆಯ ಕೆರೆಮಣ್ಣಿನಂತೆ ಬಾಯಿ ಬಿಡುತ್ತಿತ್ತು. ಇದು ಮುದುಕನಾಗಿ ಹುಟ್ಟಿದ ಕೂಸಿನ ಹಾಗೆ.

ಟೈರಿಗೆ ಮೂಗು ಹಚ್ಚಿ ಮೂಸಿದ. ಮೂಸಿದವನು ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಕಾಯಿ ಅಟ್ಟದ ವಾಸನೆ. ಈ ಸೀಮೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸುತ್ತಾರೆ. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹೆಂಚಿನ ಕಾವು. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕು ಕರಟದೊಳಗೆ ಗಡಗಡ ಅನ್ನುತ್ತದೆ. ಗಿಟುಕಿಗೆ ಅಮೃತವಾದದ್ದು ರಬ್ಬರಿಗೆ ವಿಷ. ಯಾರದೋ ಮನೆಯ ಅಟ್ಟದ ಮೇಲೆ ಕಾಯಿಗಳ ನಡುವೆ ಈ ಟೈರು ವರ್ಷಗಟ್ಟಲೆ ಬೆಂದಿದೆ.

ರಿಮ್ಮನ್ನು ಮಗುಚಿ ಹಾಕಿದ.

ಕಾರಿನ ಮಿಕ್ಕ ಮೂರು ರಿಮ್ಮುಗಳ ಒಳಮೈಗೆ ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಬಳಿದಿತ್ತು. ಈ ರಿಮ್ಮಿನ ಒಳಮೈಯಲ್ಲಿ ಒಂದು ಹನಿ ಕೆಂಪಿರಲಿಲ್ಲ, ಬರೀ ತುಕ್ಕು. ಅಂದರೆ ಬರೀ ಟೈರಲ್ಲ, ಗಾಲಿಗೆ ಗಾಲಿಯೇ ಬೇರೆ ಕಾರಿನದು.

ವೆಂಕಟಯ್ಯ ಎದ್ದವನೇ ಕೈ ಕೂಡ ತೊಳೆಯದೆ ಲಾಕಪ್ಪಿನ ಮುಂದೆ ಹೋಗಿ ನಿಂತ.

ಚಿಕ್ಕಣ್ಣ ಗೋಡೆಗೊರಗಿ ಕೂತಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಗಾಲಿಗಳ ವಿಷಯವನ್ನು ಮೊದಲಿನಿಂದ ಇನ್ನೊಂದು ಸಲ ಹೇಳು ಎಂದು ಗದರಿದಾಗ, ಹೇಳಿ ಹೇಳಿ ಸಾಕಾದವನ ಹಾಗೆ ನಿಧಾನವಾಗಿ ಶುರು ಮಾಡಿದ.

ಪಂಚಾಕ್ಷರಿ ಮದರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲಿ ಮೊದಲ ಸಲ ಕಾರು ಓಡಿಸುವುದೆಂದು ತೀರ್ಮಾನ ಮಾಡಿ ಹಳೇ ಫಿಯೆಟ್ ಕೊಂಡು ತಂದಿದ್ದ. ಎಂಜಿನ್ನಿಗೆ ಕೈ ಹಚ್ಚೋಣ ಎಂದು ಚಿಕ್ಕಣ್ಣ ಸ್ಪ್ಯಾನರ್ ಹಿಡಿದು ನಿಂತರೆ, ಎಂಜಿನ್ ಮುಟ್ಟಬೇಡ, ಮೊದಲು ಕಾರಿನ ಕಾಲಿಗೆ ಸರಿಯಾದ ಮೆಟ್ಟು ಹಾಕು ಎಂದು ಪಂಚಾಕ್ಷರಿ ಅಂದನಂತೆ. ಜೀಪಿನ ರಿಮ್ಮು ಕತ್ತರಿಸಿ ಬೆಸೆದು, ಗೂಳಿಯ ಹೆಗಲಿನಂಥ ಅಗಲವಾದ ಟೈರು ಹಾಕಿಕೊಡುತ್ತೇನೆ, ನೋಡಿದವರು ಬಾಯಿ ಬಿಡಬೇಕು ಎಂದು ಚಿಕ್ಕಣ್ಣನ ಆಸೆ. ಅದರ ಮೇಲೆ ಇಬ್ಬರಿಗೂ ವಾರಗಟ್ಟಲೆ ವಾಗ್ವಾದ. ಬೆಸೆದ ರಿಮ್ಮು ತಿರುವಿನಲ್ಲಿ ಬಿಟ್ಟುಕೊಂಡರೆ ನಿನ್ನ ಬೆಸುಗೆಯ ಜೊತೆ ನನ್ನನ್ನೂ ಹೂಳಬೇಕು ಎಂದು ಪಂಚಾಕ್ಷರಿ ನಕ್ಕಿದ್ದನಂತೆ.

"ಪಂಚಣ್ಣ ಒಂದ್ ಮಾತು ಹೇಳ್ತಿದ್ದ ಸಾರ್," ಅಂದ ಚಿಕ್ಕಣ್ಣ. "ಅಗಲದ ಟೈರು ಕಲಿಯೋನ ತಪ್ಪನ್ನ ಮುಚ್ಚಾಕ್ತದೆ, ಮುಚ್ಚಿ ಮುಚ್ಚಿ ಒಂದಿನ ಒಂದೇ ಸಲ ಕೈ ಬುಡ್ತದೆ. ಸಣ್ಣ ಟೈರು ಮೊದಲೇ ಕಿರುಚಿ ಹೇಳ್ತದೆ, ನನಗೆ ಕಿರುಚೋದೇ ಬೇಕು ಅಂತಿದ್ದ."

ಕೊನೆಗೆ ಕಂಪನಿಯ ರಿಮ್ಮುಗಳನ್ನೇ ಇಟ್ಟುಕೊಂಡರು. ಒಂದೊಂದನ್ನೂ ಗರಗರ ತಿರುಗಿಸಿ, ಅಂಚಿಗೆ ಸೀಮೆಸುಣ್ಣ ಹಿಡಿದು, ಎಲ್ಲಿ ಸೊಟ್ಟಗಿದೆ ನೋಡಿ ನೇರ ಮಾಡಿದರು. ನಾಲ್ಕೂ ಒಂದೇ ಕಂಪನಿಯ, ಒಂದೇ ಸಲ ತಂದ ಹೊಸ ಟೈರು. ಮೂರು ಹೊಸದು ಒಂದು ಹಳೆಯದು ಹಾಕಿದರೆ ಕಾರು ಕುಂಟೆತ್ತು ಕಟ್ಟಿದ ಗಾಡಿಯಾಗುತ್ತದೆ ಎಂದು ಪಂಚಾಕ್ಷರಿಯ ಹಟ. ಓಡಿಸುವ ಮುಂಚೆ ಪ್ರತಿ ಸಲವೂ ತಾನೇ ಗಾಳಿ ನೋಡುತ್ತಿದ್ದ.

"ನಾಲ್ಕು ರಿಮ್ಮಿಗೂ ಕೆಂಪು ಬಳಿದಿದ್ದೆಯೇನ್ಲಾ?"

"ನಾಲ್ಕಕ್ಕೂ ಬಳಿದಿದ್ದೆ ಸಾರ್. ಪಂಚಣ್ಣನೇ ಎದುರಿಗೆ ನಿಂತು ಬಳಿಸಿದ್ದ."

"ಒಡೆದ ಗಾಲಿಗೆ ಕೆಂಪಿಲ್ಲ ಕಣ್ಲಾ. ಅದು ನೀನು ಹಾಕಿದ್ದಲ್ಲ." ವೆಂಕಟಯ್ಯ ಮಸಿ ಮೆತ್ತಿದ ಬೆರಳುಗಳನ್ನು ಕಂಬಿಯೊಳಗೆ ಚಾಚಿದ. "ಟೈರೊಳಗೆ ಇದು ಮೆತ್ತಿಕೊಂಡಿತ್ತು. ಮೂಸಿ ನೋಡು. ಕಾಯಿ ಅಟ್ಟದ ಮೇಲಿದ್ದ ಟೈರು."

ಚಿಕ್ಕಣ್ಣ ಮೂಸಲಿಲ್ಲ. ಆ ಬೆರಳುಗಳನ್ನೇ ನೋಡುತ್ತ ಕೂತ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಮೇಲೆ ಬಂದ ಮಾತು ಯಾರೋ ಬೇರೆಯವರದೇನೋ ಎಂಬಂತಿತ್ತು.

"ಆ ಗಾಲಿ ಪಂಚಣ್ಣನ ಗಾಡೀಲಿತ್ತಾ ಸಾರ್?"

"ಹೂಂ ಕಣ್ಲಾ."

ಚಿಕ್ಕಣ್ಣ ಮಂಡಿಯ ಮೇಲೆ ಕುಸಿದು ಹಣೆಯನ್ನು ಕಂಬಿಗೆ ಚಚ್ಚಿಕೊಳ್ಳತೊಡಗಿದ. ಪೇದೆ ಲಕ್ಕಯ್ಯ ಓಡಿ ಬಂದು ಅಂಗೈ ಅಡ್ಡ ಹಿಡಿಯಬೇಕಾಯಿತು. ಗೆಳೆಯನಿಗಾಗಿ ಇಷ್ಟು ಒಡೆದು ಅಳುವವನು ಕೊಲೆಗಾರನೇ ಎಂದು ವೆಂಕಟಯ್ಯ ತನ್ನನ್ನೇ ಕೇಳಿಕೊಂಡ. ಮಧ್ಯಾಹ್ನದೊಳಗೆ ಇವನನ್ನು ಬಿಡಿಸದಿದ್ದರೆ ಈ ಖಾಕಿ ಹಾಕಿ ಏನು ಪ್ರಯೋಜನ?

ಒಂದು ಗಾಲಿ ಒಳಗೆ ಬಂದಿದೆ ಎಂದರೆ ಇನ್ನೊಂದು ಹೊರಗೆ ಹೋಗಿರಬೇಕು. ಕೆಂಪು ಬಳಿದ ನಾಲ್ಕನೇ ಗಾಲಿ ಯಾರ ಹತ್ತಿರ ಇದೆಯೋ ಅವನೇ ಬದಲಾಯಿಸಿದವನು. ಅದೇ ಅಳತೆಯ ಗಾಲಿ ಹೊಂದುವ ಇನ್ನೊಂದು ಫಿಯೆಟ್ ಹತ್ತಿರದಲ್ಲಿ ಇದ್ದದ್ದು ಒಂದೇ ಕಡೆ.

ಸತ್ತವನ ಸ್ವಂತ ಮನೆಯಲ್ಲಿ.

ಠಾಣೆಗೂ ಆ ಮನೆಗೂ ನಡುವೆ ಒಂದು ತೆಂಗಿನ ತೋಟವಷ್ಟೇ ಅಡ್ಡ. ತೋಟ ದಾಟಿ ಹೋದ ವೆಂಕಟಯ್ಯ ಮನೆಯವರನ್ನು ಕೂಗಲಿಲ್ಲ. ನೇರವಾಗಿ ಅಂಗಳದ ಚಪ್ಪರದಡಿ ನಿಂತಿದ್ದ ಬಿಳೀ ಫಿಯೆಟ್ಟಿನ ಪಕ್ಕದಲ್ಲಿ ಇಸ್ತ್ರಿ ಬಟ್ಟೆಯಲ್ಲೇ ನೆಲಕ್ಕೆ ಬೆನ್ನು ಕೊಟ್ಟು ಮಲಗಿ, ಮುಂದಿನ ಎಡಗಾಲಿಯ ಹಿಂದಕ್ಕೆ ತಲೆ ತೂರಿಸಿದ.

ಕೆಂಪು. ಕುಂಕುಮದಂಥ ಕೆಂಪು.

ಎದ್ದು ನಿಂತಾಗ ಜಗುಲಿಯ ಮೇಲೆ ಪಂಚಾಕ್ಷರಿಯ ಅಣ್ಣ ಮಲ್ಲಿಕಾರ್ಜುನಯ್ಯ ನಿಂತಿದ್ದ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುವ ದೊಡ್ಡ ಕುಳ. ತಮ್ಮನನ್ನು ಮಣ್ಣಿಗಿಟ್ಟು ಬಂದ ಮೇಲೆ ಮಂಡಿಯ ಕಡೆ ತಲೆ ಹಾಕಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಪೊಲೀಸಿನವನು ತನ್ನ ಕಾರಿನಡಿಯಿಂದ ಎದ್ದದ್ದನ್ನು ನೋಡಿಯೂ ಯಾಕೆ ಎಂದು ಕೇಳಲಿಲ್ಲ.

"ಯಜಮಾನ್ರೇ, ತಮ್ಮನ ಗಾಲಿ ನಿಮ್ಮ ಗಾಡಿಗೆ ಹೆಂಗೆ ಬಂತು?"

ಮಲ್ಲಿಕಾರ್ಜುನಯ್ಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಸುಳ್ಳು ಹೇಳಲಿಲ್ಲ. ಹೇಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಮೊನ್ನೆ ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಬೇಗ ಹೋಗಬೇಕಿತ್ತು. ಕೆಲವು ದಿನಗಳಿಂದ ಅವನ ಕಾರಿನ ಆ ಗಾಲಿ ಓಡುವಾಗ ಅದುರುತ್ತಿತ್ತು. ತಮ್ಮ ಸ್ನಾನಕ್ಕೆ ಹೋಗಿದ್ದ. ಎರಡು ಕಾರುಗಳೂ ಅಕ್ಕಪಕ್ಕ ನಿಂತಿದ್ದವು, ಟೈರುಗಳೂ ಒಂದೇ ಕಂಪನಿಯವು. ಜಾಕಿ ಕೊಟ್ಟು, ತಮ್ಮನ ಒಂದು ಗಾಲಿ ತಾನು ತೆಗೆದುಕೊಂಡು, ಅದುರುವ ಗಾಲಿಯನ್ನು ಅವನ ಕಾರಿಗೆ ಕೂರಿಸಿ, ತಿರುಗಿ ನೋಡದೆ ಹೊರಟುಬಿಟ್ಟ.

"ಕೇಳಿದ್ರೆ ಕೊಡ್ತಿರಲಿಲ್ಲ. ನಾಲ್ಕೂ ಒಂದೇ ಥರ ಇರಬೇಕು ಅಂತ ಹಟ ಅವಂದು," ಅಂದ ಮಲ್ಲಿಕಾರ್ಜುನಯ್ಯ. "ಕೆರೆ ಸುತ್ತೋ ಆಟಕ್ಕೆ ಯಾವ ಗಾಲಿ ಆದ್ರೇನು ಅನ್ಕಂಡೆ."

ವೆಂಕಟಯ್ಯನ ಕೋಪ ನೆತ್ತಿಗೇರಿತು. ಇದನ್ನು ಮೊನ್ನೆಯೇ ಯಾಕೆ ಬಾಯಿ ಬಿಡಲಿಲ್ಲ? ತಪ್ಪಿಲ್ಲದ ಒಬ್ಬ ಬಡವ ಒದೆ ತಿಂದು ಕತ್ತಲಕೋಣೆಯಲ್ಲಿ ಬಿದ್ದಿರುವುದು ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತ ನೀವೆಂಥ ಮನುಷ್ಯರು? ಜಗುಲಿ ನಡುಗುವಂತೆ ಬೈದ.

ನಡುಮನೆಯ ಗೂಡಿನಲ್ಲಿ ಟೆಲಿಫೋನ್ ಇತ್ತು. ವೆಂಕಟಯ್ಯ ಯಾರನ್ನೂ ಕೇಳದೆ ಅದನ್ನೆತ್ತಿ, ಎಕ್ಸ್‌ಚೇಂಜಿನವನಿಗೆ ಠಾಣೆ ಕೊಡು ಅಂದ. ಸರ್ಕಲ್ ಸಾಹೇಬರಿಗೆ ತಾನೇ ಉತ್ತರ ಕೊಡುತ್ತೇನೆ, ಈ ಗಳಿಗೆಯಲ್ಲೇ ಚಿಕ್ಕಣ್ಣನನ್ನು ಹೊರಗೆ ಬಿಡು ಎಂದು ಲಕ್ಕಯ್ಯನಿಗೆ ಅಪ್ಪಣೆ ಮಾಡಿ ಫೋನನ್ನು ಕುಕ್ಕಿದ. ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಯಿತು.

ಇಳಿದ ಕಲ್ಲು ಅಲ್ಲೇ ತಿರುಗಿ ಮೇಲೇರಿತು.

ಕೋಪದ ಭರದಲ್ಲಿ ಕಾಣದೇ ಹೋದದ್ದು ಈಗ ಕಣ್ಣಿಗೆ ಹೊಡೆಯಿತು. ಒಡೆದ ಗಾಲಿ ಮಲ್ಲಿಕಾರ್ಜುನಯ್ಯನ ಕಾರಿನದು. ಅಟ್ಟದಲ್ಲಿ ಬೆಂದ ಟೈರನ್ನು ಯಾರೋ ಒಬ್ಬರು ಹೊರಮೈ ಒರೆಸಿ ಹೊಸದರಂತೆ ಹೊಳೆಯಿಸಿ ಕೂರಿಸಿದ್ದು ಈ ಬಿಳೀ ಕಾರಿಗೆ. ಹರಾಜಿನ ದಿನ ಹೊತ್ತಾಯಿತೆಂದು ಈ ಮನುಷ್ಯ ತಿಪಟೂರು ರಸ್ತೆಯಲ್ಲಿ ಲಾರಿಗಳ ನಡುವೆ ಬಾಣದಂತೆ ನುಗ್ಗುವುದು ಊರಿಗೆಲ್ಲ ಗೊತ್ತು.

"ಯಜಮಾನ್ರೇ," ವೆಂಕಟಯ್ಯನ ದನಿ ತನಗೆ ತಾನೇ ತಗ್ಗಿತು, "ಆ ಟೈರು ಒಡೀಬೇಕಾಗಿದ್ದು ನಿಮ್ಮ ಕೆಳಗೆ. ನಿಮ್ಮ ಸಾವಿಗೆ ನಿಮ್ಮ ತಮ್ಮ ಹೋದ."

ಮಲ್ಲಿಕಾರ್ಜುನಯ್ಯ ಹೊಸಿಲ ಮೇಲೆ ಕೂತ. ಆ ಟೈರನ್ನು ಯಾರು ಹಾಕಿದ್ದು ಎಂದು ಎರಡು ಸಲ ಕೇಳಿದ ಮೇಲೆ, ತಾನು ಬೆಂಗಳೂರಿಗೆ ಹೋಗಿದ್ದಾಗ ಹಾಕಿದ್ದರು, ಅವ್ವನಿಗೆ ಗೊತ್ತು ಎಂದಷ್ಟೇ ಗೊಣಗಿದ.

ಅಷ್ಟರಲ್ಲಿ ಅವರ ತಾಯಿ ಗುರುಸಿದ್ದಮ್ಮ ಮಜ್ಜಿಗೆಯ ಲೋಟ ಹಿಡಿದು ಒಳಗಿನಿಂದ ಬಂದಳು. ಅತ್ತು ಅತ್ತು ಮುಖ ಬಾಡಿತ್ತು. ಆದರೂ ಮನೆಗೆ ಬಂದವರಿಗೆ ಏನಾದರೂ ಕೊಡದೆ ಇರಲಾರದ ಹಳೇ ಕಾಲದ ಹೆಂಗಸು. ವೆಂಕಟಯ್ಯ ಲೋಟ ತೆಗೆದುಕೊಂಡು, ಅವ್ವಾ, ನಿಮ್ಮ ಅಟ್ಟದ ಮೇಲೆ ಟೈರು ಇತ್ತೇ ಎಂದು ಆದಷ್ಟು ಮೆತ್ತಗೆ ಕೇಳಿದ.

ಇತ್ತಲ್ಲ ಅಂದಳು. ಟೈರು ಸಿಗದೆ ಒದ್ದಾಡುವ ಕಾಲದಲ್ಲಿ ದೊಡ್ಡ ಮಗ ಎಲ್ಲಿಂದಲೋ ಒಂದು ಹೊಸ ಟೈರು ತಂದಿದ್ದ. ಕೊಟ್ಟಿಗೆಯಲ್ಲಿಟ್ಟರೆ ಇಲಿ ಕಡಿಯುತ್ತದೆ, ಹೊರಗಿಟ್ಟರೆ ಯಾರಾದರೂ ಎತ್ತುತ್ತಾರೆ ಎಂದು ತಾನೇ ಆಳಿಗೆ ಹೇಳಿ ಅಟ್ಟಕ್ಕೆ ಹಾಕಿಸಿದಳಂತೆ. ಈ ಮನೆಯಲ್ಲಿ ಬೆಲೆಬಾಳುವುದೆಲ್ಲ ಇರುವುದು ಅಟ್ಟದಲ್ಲೇ.

"ಕಾಯಿ ಹಸೀದು ಇಳಿಸಿದ್ರೆ ಕೊಳೀತದೆ ಕಣಪ್ಪ, ಅಟ್ಟದಲ್ಲಿ ಬಲೀಬೇಕು," ಅಂದಳು ಗುರುಸಿದ್ದಮ್ಮ. "ಟೈರೂ ಹಂಗೇ ಇರಬೇಕು, ಹೊಗೆ ಕುಡಿದ್ರೆ ಗಟ್ಟಿಯಾಯ್ತದೆ ಅನ್ಕಂಡೆ. ಯಾಕಪ್ಪ, ತಪ್ಪಾಯ್ತಾ?"

ಹೆತ್ತ ಮಗನನ್ನು ಕೊಂದ ಟೈರನ್ನು ಮಗುವಿನಂತೆ ಬೆಚ್ಚಗಿಟ್ಟವಳು ತಾನೇ ಎಂದು ಆ ತಾಯಿಗೆ ಯಾವ ಬಾಯಿಂದ ಹೇಳುವುದು? ಟೈರನ್ನು ಅಟ್ಟದಿಂದ ಇಳಿಸಿದವರು ಯಾರು ಎಂದು ವೆಂಕಟಯ್ಯ ಕೇಳಿದ.

"ಇನ್ಯಾರು? ಚಿಕ್ಕಣ್ಣ."

ಲೋಟ ವೆಂಕಟಯ್ಯನ ಕೈಯಿಂದ ಜಾರಿತು. ಮಜ್ಜಿಗೆ ಅವನ ಬೂಟಿನ ಮೇಲೆಲ್ಲ ಚೆಲ್ಲಿತು. ಅವನಿಗೆ ಅದರ ಅರಿವೇ ಇರಲಿಲ್ಲ.

ಗುರುಸಿದ್ದಮ್ಮ ಹೇಳುತ್ತಲೇ ಹೋದಳು. ಮಕ್ಕಳಿಬ್ಬರೂ ಮನೆಯಲ್ಲಿಲ್ಲದ ದಿನ ಚಿಕ್ಕಣ್ಣ ಬಂದಿದ್ದ. ಯಜಮಾನರು ಹೇಳಿ ಹೋಗಿದ್ದಾರೆ, ಅವರ ಗಾಡಿಗೆ ಹೊಸ ಟೈರು ಹಾಕಬೇಕು ಅಂದ. ಏಣಿ ಹಾಕಿಕೊಂಡು ತಾನೇ ಅಟ್ಟ ಹತ್ತಿದ. ಅವಳು ಕೆಳಗೆ ಏಣಿ ಹಿಡಿದು ನಿಂತಿದ್ದಳು.

"ಮ್ಯಾಲೆ ಕೂತ್ಕಂಡು ಟೈರನ್ನ ಬಗ್ಗಿಸಿ ಬಗ್ಗಿಸಿ ನೋಡ್ದ. ಭಾರೀ ಹೊತ್ತು ನೋಡ್ದ. ಆಮೇಲೆ ನಕ್ಕಂಡು ಚೆಂದಾಗಿ ಬಲಿತೈತೆ ಕಣವ್ವ ಅಂದ."

ಮಲ್ಲಿಕಾರ್ಜುನಯ್ಯ ಕಣ್ಣು ಮುಚ್ಚಿದ. ವೆಂಕಟಯ್ಯ ಆ ಮುಖವನ್ನೇ ನೋಡಿದ. ಅದು ಅಚ್ಚರಿಗೊಂಡವನ ಮುಖವಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಸುದ್ದಿ ಬಾಗಿಲಿಗೆ ಬಂದಾಗ ಹೀಗಿರುತ್ತದೆ ಮುಖ.

"ಯಜಮಾನ್ರೇ, ನಿಮ್ಮನ್ನ ಕೊಲ್ಲೋವಷ್ಟು ಹಗೆ ಅವನಿಗೇನು?"

ಮಲ್ಲಿಕಾರ್ಜುನಯ್ಯ ಕಣ್ಣು ತೆರೆಯದೆಯೇ ಅಂದ, "ಅವ್ವ, ನೀನು ಒಳಕ್ಕೆ ಹೋಗು."

ಗುರುಸಿದ್ದಮ್ಮ ಹೋಗಲಿಲ್ಲ. ಒಮ್ಮೆ ಮಗನನ್ನು, ಒಮ್ಮೆ ಪೊಲೀಸಿನವನನ್ನು ನೋಡುತ್ತ, ಕಂಬಕ್ಕೆ ಕೈ ಕೊಟ್ಟು ಅಲ್ಲೇ ನಿಂತಳು.

ವೆಂಕಟಯ್ಯ ಟೆಲಿಫೋನಿನತ್ತ ನೆಗೆದ. ಎಕ್ಸ್‌ಚೇಂಜಿನವನು ಕನೆಕ್ಷನ್ ಕೊಡುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ಚಿಕ್ಕಣ್ಣನನ್ನು ಬಿಡಬೇಡ, ಹಿಡಿದಿಟ್ಟುಕೋ ಎಂದು ಕಿರುಚಿದ.

ಅತ್ತ ಲಕ್ಕಯ್ಯ ತಬ್ಬಿಬ್ಬಾದ. "ನೀವು ಫೋನ್ ಇಟ್ಟೇಟ್ಗೇ ಬುಟ್ಟೆ ಸಾರ್. ಹೋಗ್ತಾ ಒಂದ್ ಮಾತು ಕೇಳ್ದ. ಯಜಮಾನ್ರು ಮಂಡೀಲವ್ರಾ ಮನೇಲವ್ರಾ ಅಂತ. ಮನೇಲೇ ಅವ್ರೆ, ಸಾಹೇಬ್ರೂ ಅಲ್ಲೇ ಅವ್ರೆ, ಹೋಗಿ ಕಾಲಿಗೆ ಬೀಳು ಅಂದೆ. ತೋಟದೊಳಗಿಂದ ಅಲ್ಲಿಗೇ ಬಂದ ಸಾರ್."

ಫೋನು ಇನ್ನೂ ಕಿವಿಯಲ್ಲಿತ್ತು. ಮನೆಯ ಹಿಂಬಾಗಿಲನ್ನು ಯಾರೋ ತಟ್ಟಿದರು. ಜೋರಾಗಿ ಅಲ್ಲ, ಮನೆಯವರು ತಟ್ಟುವ ಹಾಗೆ.

"ಚಿಕ್ಕಣ್ಣನೇ ಇರಬೇಕು, ಅವನು ಯಾವಾಗ್ಲೂ ಹಿತ್ತಲಿಂದಲೇ ಬರೋದು," ಎನ್ನುತ್ತ ಗುರುಸಿದ್ದಮ್ಮ ವೆಂಕಟಯ್ಯ ತಡೆಯುವ ಮೊದಲೇ ಆ ಕಡೆ ನಡೆದಳು. ಬಾಗಿಲ ಅಗುಳಿಯನ್ನು ಎಳೆದೇಬಿಟ್ಟಳು.

ಬಾಗಿಲು ತೆರೆಯಲಿಲ್ಲ. ಆಚೆಯಿಂದ ಯಾರೋ ಅದನ್ನು ಮುಚ್ಚಿ ಹಿಡಿದುಕೊಂಡಿದ್ದರು. ಹಲಗೆಯ ಸಂದಿನಿಂದ ಚಿಕ್ಕಣ್ಣನ ದನಿ ಬಂತು. ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನಾನು ಓಡಿ ಹೋಗಾಕೆ ಬಂದಿಲ್ಲ ಕಣವ್ವ. ನಿನ್ನ ಚಿಕ್ಕ ಮಗನ್ನ ಕೊಂದೋನು ನಾನೇ. ನೇಣಿಗಾದ್ರೂ ಹಾಕ್ಲಿ, ಬತ್ತೀನಿ. ಅದಕ್ಕೂ ಮುಂಚೆ ನಿನ್ನ ದೊಡ್ಡ ಮಗನ್ನ ಒಂದ್ ಮಾತು ಕೇಳು. ಅವನು ನನಗೇನು ಮಾಡಿದ್ದ, ನಾನ್ಯಾಕೆ ಆ ಟೈರು ಇಳಿಸ್ದೆ ಅಂತ ಕೇಳು. ಅವನ ಬಾಯಲ್ಲೇ ನೀನು ಕೇಳಬೇಕು. ಆಮ್ಯಾಲೆ ಬಾಗಿಲು ತೆಗಿ."

ಗುರುಸಿದ್ದಮ್ಮ ತಿರುಗಿ ಮಗನನ್ನು ನೋಡಿದಳು.

ಮಲ್ಲಿಕಾರ್ಜುನಯ್ಯ ಹೊಸಿಲಿನಿಂದ ಎದ್ದ. ವೆಂಕಟಯ್ಯನನ್ನು ದಾಟಿ, ತಾಯಿಯನ್ನು ದಾಟಿ ಹಿಂಬಾಗಿಲವರೆಗೆ ಹೋದ. ಅಗುಳಿಯನ್ನು ಮತ್ತೆ ಹಾಕಿ, ಆ ಮಾತು ತಾಯಿಯ ಕಿವಿಗೆ ಬೀಳಬಾರದೆಂಬಂತೆ ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ.